ಯಾರ ಮಗನಪ್ಪಾ ನೀನು?

ನಮ್ಮ ದ್ವೀಪದಲ್ಲಿ ಕಾಯಿಲೆಗಳಿಗೇನೂ ಬರವಿಲ್ಲ. ಸಕ್ಕರೆ ಕಾಯಿಲೆಯಿದೆ, ಮಂಡಿನೋವಿದೆ, ಹಡಗು ಬಂದ ವಾರ ಮನೆಮನೆಗೂ ಹಂಚಿಹೋಗುವ ನೆಗಡಿಯಿದೆ. ಆದರೆ ಕೆಲೆಪಿಗೆ ಇದ್ದ ಕಾಯಿಲೆಗೆ ಇಡೀ ಟೋಂಗಾದಲ್ಲಿ ಮದ್ದಿರಲಿಲ್ಲ. ಅದು ವಂಶಾವಳಿಯ ಕಾಯಿಲೆ. "ಯಾರ ಮಗನಪ್ಪಾ ನೀನು?" ಎಂದು ಯಾರಾದರೂ ಬಾಯಿತಪ್ಪಿ ಕೇಳಿದರೆ ಅವರ ಕಥೆ ಅಲ್ಲಿಗೆ ಮುಗಿಯಿತು. ಅಪ್ಪನಿಂದ ಹೊರಟು, ಅಜ್ಜ, ಮುತ್ತಜ್ಜನನ್ನು ಹಾದು, ಯಾವ ಅಜ್ಜಿ ಯಾವ ದ್ವೀಪದಿಂದ ಬಂದಳು, ಅವಳು ಬಂದ ದೋಣಿಗೆ ಹಾಯಿ ನೇಯ್ದವರು ಯಾರು, ದಾರಿಯಲ್ಲಿ ಯಾರಿಗೆ ವಾಂತಿಯಾಯಿತು ಎಂಬಲ್ಲಿಯವರೆಗೂ ಅವನು ನಿಲ್ಲುತ್ತಿರಲಿಲ್ಲ. ಕಾವಾ ಬೇರಿನ ಮತ್ತಿನ ಪಾನಕ ಕುಡಿಯುವ ಕೂಟದಲ್ಲಿ ಅವನು ಶುರುಮಾಡಿದರೆ ನಾವು ಬಟ್ಟಲು ಖಾಲಿಮಾಡಿ, ಒಂದು ನಿದ್ದೆ ತೆಗೆದು, ಎದ್ದು ನೋಡುವಾಗ ಅವನು ಇನ್ನೂ ಮುತ್ತಜ್ಜನ ಮದುವೆಯ ಊಟದಲ್ಲಿರುತ್ತಿದ್ದ.

ನಾನು ಮನಾಸೆ, ದೋಣಿ ನಡೆಸುವವನು. ಬೇರೆ ದ್ವೀಪದವನು, ಮದುವೆಯಾಗಿ ಹೆಂಡತಿಯ ಊರಿಗೆ ಬಂದು ಸೇರಿಕೊಂಡವನು. ಹಾಗಾಗಿ ಈ ಊರಿನ ಹೆಂಗಸರಿಗೆ ನಾನು ಅಣ್ಣನೂ ಅಲ್ಲ, ತಮ್ಮನೂ ಅಲ್ಲ. ಇದು ಸಣ್ಣ ಮಾತಲ್ಲ. ನಮ್ಮಲ್ಲಿ ಅಣ್ಣ ತಂಗಿಯರ ಮಧ್ಯೆ ಮೈಗೆ ಸಂಬಂಧಿಸಿದ ಒಂದು ಮಾತೂ ಬರುವಂತಿಲ್ಲ. ಬಸಿರು, ಬಾಣಂತನ, ಮುಟ್ಟು, ಮಂಚ, ಇಂಥ ಮಾತು ಎದ್ದರೆ ಇಬ್ಬರಲ್ಲಿ ಒಬ್ಬರು ಎದ್ದು ಹೊರಗೆ ಹೋಗಬೇಕು. ಇನ್ನು ತಂಗಿ ಎಂದರೆ ಒಡಹುಟ್ಟಿದವಳೊಬ್ಬಳೇ ಅಲ್ಲ. ಅಜ್ಜನ ಅಜ್ಜ ಒಬ್ಬನೇ ಆಗಿದ್ದರೂ ಸಾಕು, ಅವಳು ತಂಗಿಯೇ. ಸಾಮಾನ್ಯ ಮನುಷ್ಯರಿಗೆ ಊರಲ್ಲಿ ಹತ್ತಿಪ್ಪತ್ತು ತಂಗಿಯರಿರುತ್ತಾರೆ. ನಮ್ಮ ಕೆಲೆಪಿಗೆ ಎಷ್ಟು ಪೀಳಿಗೆ ನೆನಪಿತ್ತೋ ಅಷ್ಟೂ ಪೀಳಿಗೆಯ ತಂಗಿಯರಿದ್ದರು.

ಅವನ ಹೆಂಡತಿ ತೋಕಿಲುಪೆ ದೂರದ ಉತ್ತರದ ದ್ವೀಪದವಳು, ಮೆದು ಮಾತಿನ ಹುಡುಗಿ. ಮದುವೆಯಾಗಿ ನಾಲ್ಕು ವರ್ಷ ಕಳೆದರೂ ತೊಟ್ಟಿಲು ತೂಗಿರಲಿಲ್ಲ. ಸೋದರತ್ತೆ ಮಾತೆಲಿತಾ ಹುಟ್ಟುವ ಮಗುವಿಗೆಂದು ನೇಯ್ದ ಕೇದಗೆಯ ನವಿರು ಚಾಪೆ ಪೆಟ್ಟಿಗೆಯಲ್ಲೇ ಕೂತಿತ್ತು. ಈ ಮಾತೆಲಿತಾ ಎಂದರೆ ಕೆಲೆಪಿಯ ತೀರಿಕೊಂಡ ಅಪ್ಪನ ಅಕ್ಕ. ನಮ್ಮಲ್ಲಿ ಸೋದರತ್ತೆಗಿಂತ ದೊಡ್ಡವರು ಮನೆಯಲ್ಲಿ ಯಾರೂ ಇಲ್ಲ. ಅವಳ ಮನಸ್ಸು ನೊಂದರೆ ತಮ್ಮನ ಮಕ್ಕಳಿಗೆ ಮಕ್ಕಳಾಗುವುದಿಲ್ಲ ಎಂದು ಊರು ನಂಬಿದೆ. ಕೆಲೆಪಿಯಂತೂ ಅಂಥ ನಂಬಿಕೆಯನ್ನು ಬಿಟ್ಟುಕೊಡುವ ಆಸಾಮಿಯೇ ಅಲ್ಲ. ವಾರವಾರವೂ ಗೆಡ್ಡೆ, ಮೀನು, ಹಬ್ಬ ಬಂದರೆ ಹಂದಿಮರಿ, ಎಲ್ಲ ಹೊತ್ತುಕೊಂಡು ಅತ್ತೆಯ ಬಾಗಿಲಿಗೆ ಹೋಗಿ ಕೂರುತ್ತಿದ್ದ.

"ಅತ್ತೆ, ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ."

"ನಿನ್ನ ತಪ್ಪು ಹಾಕ್ಕೊಳ್ಳೋಕೆ ಹೊಟ್ಟೇಲಿ ಜಾಗ ಎಲ್ಲಿದೆಯೋ? ಹೋದ ವಾರದ ಗೆಡ್ಡೆನೇ ಕರಗಿಲ್ಲ!" ಎಂದು ಅವಳು ಬೀಸಣಿಗೆಯಲ್ಲಿ ಅವನ ತಲೆಗೆ ಒಂದು ಬಿಡುತ್ತಿದ್ದಳು.

ಇನ್ನೊಂದು ಸಂಗತಿಯಿತ್ತು. ಪ್ರತಿ ತಿಂಗಳೂ ನಡುವಿನಲ್ಲಿ ಕೆಲವು ದಿನ ತೋಕಿಲುಪೆ ತನ್ನ ಚಾಪೆ ಸುತ್ತಿಕೊಂಡು ಅತ್ತೆಯ ಮನೆಗೆ ಮಲಗಲು ಹೋಗುತ್ತಿದ್ದಳು. ಯಾಕೆಂದು ಕೇಳಿದರೆ "ಮೈ ಸರಿಯಿಲ್ಲ" ಅನ್ನುತ್ತಿದ್ದಳು. ಕೆಲೆಪಿ ಮರ್ಯಾದಸ್ಥ, ಮುಂದಕ್ಕೆ ಕೇಳುತ್ತಿರಲಿಲ್ಲ. ಬಲೆ ಹೆಗಲಿಗೆ ಹಾಕಿಕೊಂಡು ಮೀನಿಗೆ ಹೋಗುತ್ತಿದ್ದ.

ಊರಿನ ಸಣ್ಣ ಆಸ್ಪತ್ರೆಯಲ್ಲಿ ವೈಮೋವಾನಾ ಎಂಬ ನರ್ಸ್ ಇದ್ದಾಳಲ್ಲ, ಅವಳನ್ನು ಕೇಳಬಹುದಿತ್ತು ಎನ್ನುತ್ತೀರಿ. ಅವಳು ಕೆಲೆಪಿಯ ಚಿಕ್ಕಪ್ಪನ ಮಗಳು. ಅವನು ಆಸ್ಪತ್ರೆಯ ಮುಂದೆ ಹಾದುಹೋದರೂ ಅವಳು ಬಾಗಿಲು ಮುಂದೆ ಮಾಡುತ್ತಿದ್ದಳು. ತೋಕಿಲುಪೆಯಾದರೂ ಹೋಗಬಹುದಿತ್ತು. ಆದರೆ ನಮ್ಮಲ್ಲಿ ಗಂಡನ ಅಕ್ಕತಂಗಿಯರ ಮುಂದೆ ಸೊಸೆ ತಲೆಯೆತ್ತಿ ಕೂರುವುದೇ ಕಷ್ಟ, ಇನ್ನು ಅವರ ಮುಂದೆ ಲಂಗದ ಒಳಗಿನ ಸಮಾಚಾರ ಹೇಳಿಕೊಳ್ಳುವುದುಂಟೆ?

ಕೊನೆಗೆ ವೈಮೋವಾನಾಳೇ ಒಂದು ದಿನ ಸಮುದ್ರದ ಕಡೆ ಮುಖಮಾಡಿ, ನನ್ನ ದೋಣಿಗೆ ಹೇಳುವವಳಂತೆ ಹೇಳಿದಳು: "ಯಾರೋ ಒಬ್ರು ತಮ್ಮ ಹೆಂಡ್ತೀನ ದೊಡ್ಡ ದ್ವೀಪದ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಒಳ್ಳೇದಿತ್ತು. ನಾನು ಯಾರು ಅಂತ ಹೇಳಲಿಲ್ಲ."

ನಾನು ಆ ಯಾರೋ ಒಬ್ಬನನ್ನೂ ಅವನ ಹೆಂಡತಿಯನ್ನೂ ದೋಣಿ ಹತ್ತಿಸಿದೆ.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಇರಲಿಲ್ಲ, ರಾಜಧಾನಿಗೆ ಹೋಗಿದ್ದರು. ದುಂಡು ಮುಖದ ನರ್ಸೊಬ್ಬಳು ಬಂದು ಕೂತು, ಎಲ್ಲರೂ ಕೇಳುವಂತೆ ಕೇಳಿದಳು: "ಯಾರ ಮಗನಪ್ಪಾ ನೀನು?"

ನಾನು ಅವನ ಕಾಲು ತುಳಿದೆ. ಏನು ಪ್ರಯೋಜನ? ಕೆಲೆಪಿ, ನಮ್ಮಲ್ಲಿ ದೊಡ್ಡ ಜಾಗಕ್ಕೆ ಹೋಗುವಾಗ ಮರ್ಯಾದೆಗೆಂದು ಸುತ್ತಿಕೊಳ್ಳುವ ಸೊಂಟದ ಚಾಪೆಯನ್ನು ಸರಿಮಾಡಿಕೊಂಡು, ಕೆಮ್ಮಿ, ಶುರುಮಾಡಿಯೇ ಬಿಟ್ಟ. ಮುತ್ತಜ್ಜನ ಎರಡನೆಯ ಹೆಂಡತಿಯ ಹೆಸರು ಬಂದೊಡನೆ ಆ ನರ್ಸ್ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ ದೇವರೇ! ಅವರು ನಮ್ಮ ಅಜ್ಜಿಯ ತಾಯಿ! ಅಣ್ಣಾ!"

ತಬ್ಬಿಕೊಂಡು ಅತ್ತಳು. ಆಮೇಲೆ, "ಏನು ಕಾಯಿಲೆ ಅಂತ ನನ್ನ ಮುಂದೆ ಹೇಳಬೇಡ ಅಣ್ಣಾ, ಬೇರೆಯವರನ್ನ ಕಳಿಸ್ತೀನಿ," ಎಂದು ಕಿವಿ ಮುಚ್ಚಿಕೊಂಡು ಓಡಿದಳು.

ಎರಡನೆಯವಳು ಬಂದಳು. ಅವಳು ಅವನ ಅಜ್ಜನ ತಂಗಿಯ ಕಡೆಯಿಂದ ಸಿಕ್ಕಿಬಿದ್ದಳು. ಮೂರನೆಯವಳು ಬರುವ ಮೊದಲು ನಾನು ಕೆಲೆಪಿಯ ಕಿವಿಯ ಹತ್ತಿರ ಹೇಳಿದೆ: "ಬಾಯಿ ಮುಚ್ಚಿಕೊಂಡಿರೋ ಪುಣ್ಯಾತ್ಮ! ಬರೀ ಹೆಸರು ಹೇಳು ಸಾಕು." ಅವನು ಹಲ್ಲು ಕಚ್ಚಿ ಕೂತ. ಬೆವರಿದ. ಇನ್ನೇನು ಗೆದ್ದೆವು ಅನ್ನುವಾಗ ಆ ಹೆಂಗಸು, "ನಿಮ್ಮೂರಲ್ಲಿ ಹಿಂದೆ ಒಬ್ರು ಭಾರೀ ದೋಣಿ ಕಟ್ಟೋರು ಇದ್ರಂತೆ, ಹೆಸರು ಮರೆತೇಹೋಯ್ತು ನೋಡಿ," ಅಂದಳು.

"ನಮ್ಮ ಮುತ್ತಜ್ಜ!" ಎಂದು ಕೆಲೆಪಿ ಎದ್ದೇ ನಿಂತುಬಿಟ್ಟ.

"ನಮಗೂ ಮುತ್ತಜ್ಜನೇ ಅಲ್ವಾ! ಅವರ ಹೆಸರು ಕೇಳೋಣ ಅಂತಲೇ ಇದ್ದೆ!"

ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಹಿತ್ತಲಲ್ಲಿ ಅಡುಗೆಯೇ ನಡೆಯಿತು. ಔಷಧಿ ಕೊಡುವವಳೂ ತಂಗಿ, ನೆಲ ಒರೆಸುವವಳೂ ತಂಗಿ. ಹೊರಡುವಾಗ ಒಂದು ಬುಟ್ಟಿ ಬ್ರೆಡ್ಡು ಕಟ್ಟಿಕೊಟ್ಟರು. ಚಿಕಿತ್ಸೆಗೆ ಹೋದ ನಾವು ನೆಂಟಸ್ತನ ಮಾಡಿಕೊಂಡು ಬಂದೆವು.

ಅಷ್ಟೂ ಹೊತ್ತು ತೋಕಿಲುಪೆ ಗೋಡೆಯ ಪಕ್ಕದ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಅಷ್ಟು ಜನ ನಾದಿನಿಯರು ಒಂದೇ ದಿನ ಹುಟ್ಟಿಕೊಂಡರೆ ಅವಳಾದರೂ ಬಾಯಿ ಹೇಗೆ ಬಿಡಬೇಕು? ಬರುವಾಗ ದೋಣಿಯಲ್ಲಿ ಬ್ರೆಡ್ಡಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು: "ಮನಾಸೆಯವರೇ, ಹಡಗು ಯಾವತ್ತು ಬರುತ್ತೆ?"

ಶುಕ್ರವಾರ ಅಂದೆ. ಯಾಕೆಂದು ಕೇಳಬೇಕೆಂದು ನನ್ನ ಮಂದಬುದ್ಧಿಗೆ ಹೊಳೆಯಲಿಲ್ಲ.

ನಮಗಿಂತ ಮೊದಲೇ ಸುದ್ದಿ ಊರು ಮುಟ್ಟಿತ್ತು. ಅಷ್ಟು ತಂಗಿಯರ ಕೈಯಲ್ಲಿ ಅಷ್ಟೇ ಫೋನುಗಳಿದ್ದವು. ಊರ ಅಧಿಕಾರಿ ಮರದ ಡೋಲು ಬಡಿಸಿ ಸಭೆ ಸೇರಿಸಿ, ಇನ್ನುಮುಂದೆ ದೊಡ್ಡಾಸ್ಪತ್ರೆಗೆ ಹೋಗುವವರು ನಮ್ಮೂರಿನ ಮಾನ ಕಳೆಯದಂತೆ ಮೊದಲು ತನಗೆ ತಿಳಿಸಿ ಹೋಗತಕ್ಕದ್ದು ಎಂದು ಅಪ್ಪಣೆ ಹೊರಡಿಸಿದ. ಏನು ಮಾನ, ಹೇಗೆ ಹೋಯಿತು ಎಂದು ಯಾರೋ ಕೇಳಿದ್ದಕ್ಕೆ, "ಅದನ್ನ ಇಲ್ಲಿ ಹೇಳೋ ಹಾಗಿಲ್ಲ, ನನ್ನ ತಂಗಿ ಕೂತಿದ್ದಾಳೆ," ಅಂದ. ಹೆಂಗಸರ ಬಾಯಲ್ಲಿ ಮಾತು ಇನ್ನೂ ಬೆಳೆಯಿತು. ಕೆಲೆಪಿ ತನ್ನ ಸೋದರತ್ತೆ ಶಾಪ ಹಾಕಿದ್ದಾಳೆಂದು ಸರ್ಕಾರಿ ಆಸ್ಪತ್ರೆಗೆ ದೂರು ಕೊಟ್ಟು ಬಂದನಂತೆ!

ಮಾತೆಲಿತಾ ಬೀಸಣಿಗೆ ಹಿಡಿದು ಬಂದಳು. ನಾನು ಅಲ್ಲೇ ಇದ್ದೆ.

"ಏನೋ? ನಾನು ಶಾಪ ಹಾಕಿದೀನಂತೆ?"

"ಅಯ್ಯೋ ಇಲ್ಲ ಅತ್ತೆ, ನಾನು ಬರೀ ವಂಶಾವಳಿ ಹೇಳಿದೆ."

"ಅದೇ ಸಾಕಲ್ಲ! ನಾಲ್ಕು ವರ್ಷದಿಂದ ನೀನು ತಂದಿಟ್ಟ ಗೆಡ್ಡೆ ತಿಂದೂ ತಿಂದೂ ನನಗೆ ಸಕ್ಕರೆ ಕಾಯಿಲೆ ಬಂತು. ಶಾಪ ಹಾಕಿದವಳು ನಾನೋ ನೀನೋ?"

ನಾನು ನಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ತೋಕಿಲುಪೆ ಬಂದು ಅತ್ತೆಯ ಕಾಲ ಬಳಿ ಕೂತಳು.

"ಜಗಳ ಬೇಡ ಅತ್ತೆ. ತಪ್ಪು ನಿಮ್ಮದಲ್ಲ, ಅವರದ್ದೂ ಅಲ್ಲ, ನನ್ನ ಮೈಯದ್ದು. ಶುಕ್ರವಾರದ ಹಡಗಿಗೆ ನಾನು ಅಮ್ಮನ ಮನೆಗೆ ಹೋಗ್ತೀನಿ. ಅವರು ಬೇರೆ ಮದುವೆ ಆಗಲಿ."

ಮಾತೆಲಿತಾಳ ಬೀಸಣಿಗೆ ನಿಂತಿತು. ಊರೆಲ್ಲ ಹೆದರುವ ಆ ಹೆಂಗಸು ಅದನ್ನು ಅಲ್ಲೇ ಬಿಟ್ಟು ಎದ್ದುಹೋದಳು.

ಮಾರನೆಯ ಬೆಳಿಗ್ಗೆ ಕೆಲೆಪಿ ನನ್ನ ದೋಣಿಯ ಅಂಚಿನಲ್ಲಿ ಬಂದು ಕೂತ. ಅವತ್ತು ಅವನ ಬಾಯಿಂದ ಒಬ್ಬ ಅಜ್ಜನೂ ಬರಲಿಲ್ಲ.

"ಮನಾಸೆ, ಅವಳು ಹೋದ್ರೆ ನಾನು ಬದುಕೋದಿಲ್ಲ ಕಣೋ. ಮಕ್ಕಳಾಗದಿದ್ರೆ ಬೇಡ, ಹಾಳಾಗಿ ಹೋಗಲಿ. ಅವಳು ಗೋಡೆ ಕಡೆ ತಿರುಗಿ ಅಳ್ತಾಳೆ. ಏನು ನೋವು ಅಂತ ಕೇಳೋಕೆ ನನಗೆ ಬರಲ್ಲ. ಸತ್ತವರ ಹೆಸರೆಲ್ಲ ಬರುತ್ತೆ, ಇದೊಂದು ಬರಲ್ಲ." ಎಂದು ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡ. ನಾನು ಎಂಜಿನ್ನಿಗೆ ಎಣ್ಣೆ ಹಾಕಿದೆ.

ಶುಕ್ರವಾರ ಹಡಗು ಬಂತು. ಅದರಲ್ಲಿ ಅಕ್ಕಿಮೂಟೆ, ಸಿಮೆಂಟಿನ ಜೊತೆ ರಾಜಧಾನಿಯ ಒಬ್ಬ ನರ್ಸೂ ಬಂದಿದ್ದಳು. ಹೆಂಗಸರ ಆರೋಗ್ಯ ನೋಡುವವಳು, ಲೆಸಿಯೇಲಿ ಎಂದು ಹೆಸರು. ಕನ್ನಡಕ, ನರೆತ ಕೂದಲು, ಕಡಿಮೆ ಮಾತು. ಹಡಗು ಸರಕು ಇಳಿಸಿ ಸಂಜೆಗೆ ಹೊರಡುವತನಕ ಇಗರ್ಜಿಯ ಪಕ್ಕದ ಕೋಣೆಯಲ್ಲಿ ಕೂತು ನೋಡುತ್ತಾಳೆಂದು ವೈಮೋವಾನಾ ಊರಿಗೆಲ್ಲ ಸಾರಿದಳು. ದಡಕ್ಕೆ ಅವಳನ್ನು ಕರೆತಂದವನೂ ನಾನೇ. ಸಂಜೆ ಹಡಗಿಗೆ ತೋಕಿಲುಪೆಯನ್ನು ಮುಟ್ಟಿಸಬೇಕಾದವನೂ ನಾನೇ. ಅವತ್ತು ದೋಣಿ ಕೆಟ್ಟುಹೋಗಲಿ ಎಂದು ನಾನು ಬೇಡಿಕೊಂಡೆ. ಕೆಡಬೇಕಾದಾಗ ಅದು ಎಂದೂ ಕೆಡುವುದಿಲ್ಲ.

ತೋಕಿಲುಪೆ ತನ್ನ ಗಂಟಿನ ಮೇಲೆ ಕೂತಿದ್ದಳು. ಕೆಲೆಪಿ ಅವಳ ಮುಂದೆ ನಿಂತು ಹೇಳಿದ: "ಒಂದೇ ಒಂದು ಸಲ ಆ ನರ್ಸಮ್ಮನ ಹತ್ರ ಬಾ. ಆಮೇಲೂ ಹೋಗ್ತೀನಿ ಅಂದ್ರೆ ಈ ಗಂಟನ್ನ ನಾನೇ ಹೊತ್ತು ದೋಣಿಗೆ ಹಾಕ್ತೀನಿ."

ಅವಳು ಎದ್ದಳು. ನಾನು ಔಷಧಿಯ ಪೆಟ್ಟಿಗೆಗಳನ್ನು ಹೊತ್ತು ಹಿಂದೆ ಹೋದೆ. ಕೋಣೆಯ ಮೂಲೆಯಲ್ಲಿ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವ ನೆಪದಲ್ಲಿ, ಮಾತೆಲಿತಾ ಮೊದಲೇ ಬಂದು ಕೂತಿದ್ದಳು. ನಾನು ಪೆಟ್ಟಿಗೆಗಳನ್ನು ಕಿಟಕಿಯ ಹೊರಗೆ ಜೋಡಿಸತೊಡಗಿದೆ. ಕದ್ದು ಕೇಳಲಿಲ್ಲ. ಕಿವಿ ಅಲ್ಲಿದ್ದದ್ದರಿಂದ ಕೇಳಿಸಿತು, ಅಷ್ಟೆ.

ಲೆಸಿಯೇಲಿ ಕನ್ನಡಕದ ಮೇಲಿಂದ ಅವನನ್ನು ತುಂಬಾ ಹೊತ್ತು ನೋಡಿದಳು. ಆಮೇಲೆ ಕೇಳಿದಳು.

"ಯಾರ ಮಗನಪ್ಪಾ ನೀನು?"

ಕೆಲೆಪಿಯ ಬಾಯಿ ತೆರೆಯಿತು. ಅಪ್ಪ, ಅಜ್ಜ, ದೋಣಿ ಕಟ್ಟಿದ ಮುತ್ತಜ್ಜ, ಎಲ್ಲರೂ ಗಂಟಲಲ್ಲಿ ಸಾಲಾಗಿ ನಿಂತಿದ್ದು ನನಗೆ ಹೊರಗಿನಿಂದಲೇ ಗೊತ್ತಾಗುತ್ತಿತ್ತು. ಅವನು ಹೆಂಡತಿಯ ಕಡೆ ನೋಡಿದ. ಬಾಯಿ ಮುಚ್ಚಿದ. ಮತ್ತೆ ತೆರೆದ.

"ಗೊತ್ತಿಲ್ಲ."

"ತಂದೆಯ ಹೆಸರು?"

"ಗೊತ್ತಿಲ್ಲ."

"ಅಜ್ಜ?"

"ನನಗೆ ಹಿಂದೂ ಇಲ್ಲ ಮುಂದೂ ಇಲ್ಲ ನರ್ಸಮ್ಮ. ಅಲೆಯಲ್ಲಿ ತೇಲಿ ಬಂದು ದಡದಲ್ಲಿ ಸಿಕ್ಕಿದವನು ಅಂದ್ಕೊಳ್ಳಿ. ನನಗೆ ತಂಗಿಯರು ಯಾರೂ ಇಲ್ಲ. ದಯವಿಟ್ಟು ಇವಳಿಗೆ ಏನು ಅಂತ ನೋಡಿ."

ನನ್ನ ಕೈಯಿಂದ ಪೆಟ್ಟಿಗೆ ಜಾರಿತು. ಅಪ್ಪನ ಹೆಸರು ಗೊತ್ತಿಲ್ಲ ಎಂದು ಅಪ್ಪನ ಅಕ್ಕನ ಎದುರಿಗೇ ಹೇಳಿಬಿಟ್ಟನಲ್ಲ! ತಮ್ಮನ ಹೆಸರು ಬೇಡವಾದವನಿಗೆ ಸೋದರತ್ತೆ ಎಲ್ಲಿಂದ ಬರಬೇಕು? ಇಂಥ ಮಾತಿಗೆ ಶಾಪ ಹಾಕದಿದ್ದರೆ ಸೋದರತ್ತೆಯಾಗಿ ಏನು ಉಪಯೋಗ?

ಮಾತೆಲಿತಾ ನಿಧಾನವಾಗಿ ಎದ್ದು ನಿಂತಳು. ಕೆಲೆಪಿ ಕಣ್ಣು ಮುಚ್ಚಿಕೊಂಡ.

"ನಾನೂ ಈ ಹುಡುಗನ್ನ ಯಾವತ್ತೂ ಕಂಡಿಲ್ಲಮ್ಮ," ಅಂದಳು. "ಯಾರೋ ಪರದೇಶಿ ಇರಬೇಕು. ಪಾಪ, ಏನು ಕೇಳ್ತಾನೋ ಹೇಳು." ಎಂದು ಮತ್ತೆ ಕೂತಳು.

ಲೆಸಿಯೇಲಿ ತಲೆಯಾಡಿಸಿ, ತೋಕಿಲುಪೆಯ ಕಡೆ ತಿರುಗಿ, "ಹೇಳು ಮಗಳೇ. ಇಲ್ಲಿ ಯಾರಿಗೆ ಯಾರೂ ಏನೂ ಅಲ್ಲ," ಅಂದಳು.

ನಾಲ್ಕು ವರ್ಷದ ಮಾತು ಆಗ ಹೊರಗೆ ಬಂತು. ಮೊದಲು ಪಿಸುದನಿಯಲ್ಲಿ, ಆಮೇಲೆ ಅಳುತ್ತಾ.

"ತಿಂಗಳ ನಡುವೆ ಒಂಥರಾ ಲೋಳೆ ಹೋಗುತ್ತೆ ನರ್ಸಮ್ಮ. ನೀರಿನಷ್ಟು ತಿಳಿ, ಬೆರಳಲ್ಲಿ ಹಿಡಿದ್ರೆ ಎಳೆ ಬರುತ್ತೆ. ಏನೋ ಕೆಟ್ಟ ರೋಗ ಅಂತ ನನಗೆ ಭಯ. ಇವರಿಗೆ ತಾಗಬಾರದು ಅಂತ ಆ ದಿನಗಳಲ್ಲಿ ಅತ್ತೆ ಮನೇಲಿ ಮಲಗ್ತೀನಿ. ಸೋಪು ಹಾಕಿ ಒಳಗೆಲ್ಲ ತೊಳೀತೀನಿ."

"ಯಾವ ಸೋಪು?"

"ಬಟ್ಟೆ ಸೋಪು."

"ಉರಿ ಬರಲ್ವಾ?"

"ಬರುತ್ತೆ. ಕೆರೆತಾನೂ ಇದೆ. ರೋಗ ಹೆಚ್ಚಾಯ್ತು ಅಂತ ಇನ್ನೂ ಜಾಸ್ತಿ ತೊಳೀತೀನಿ."

ಲೆಸಿಯೇಲಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಆ ಲೋಳೆ ರೋಗ ಅಲ್ಲ ಕಣಮ್ಮ. ಮೊಟ್ಟೆ ಒಡೆದ್ರೆ ಬಿಳಿ ಬರುತ್ತಲ್ಲ, ಹಾಗೆ ಇರುತ್ತೆ ಅಲ್ವಾ? ಅಂಡಾಶಯದಿಂದ ಅಂಡ ಹೊರಗೆ ಬರೋ ಸಮಯ ಹತ್ರ ಆಯ್ತು ಅಂತ ಮೈ ಕೊಡೋ ಸೂಚನೆ ಅದು. ಸಾಮಾನ್ಯವಾಗಿ ಮುಂದಿನ ಮುಟ್ಟಿಗೆ ಎರಡು ವಾರ ಮುಂಚೆ. ಒಬ್ಬೊಬ್ಬರಿಗೆ ಆಚೆ ಈಚೆ ಆಗುತ್ತೆ. ಅಂಡ ಒಂದು ದಿನಕ್ಕಿಂತ ಹೆಚ್ಚು ಇರಲ್ಲ. ಆದ್ರೆ ಗಂಡಸಿನ ಬೀಜ ಒಳಗೆ ಕೆಲವು ದಿನ ಕಾಯಬಲ್ಲದು. ಅದಕ್ಕೇ ಆ ಲೋಳೆ ಕಂಡ ದಿನಗಳೇ ಮಗು ನಿಲ್ಲೋ ದಿನಗಳು."

"ಆ ದಿನಗಳಲ್ಲಿ ನಾನು ಮೀನಿಗೆ ಹೋಗ್ತಿದ್ದೆ," ಅಂದ ಕೆಲೆಪಿ.

"ಆ ಮೀನೆಲ್ಲ ತಿಂದವಳು ನಾನೇ!" ಎಂದು ಮೂಲೆಯಿಂದ ಮಾತೆಲಿತಾ ಹಣೆ ಬಡಿದುಕೊಂಡಳು. ಆಮೇಲೆ ನೆನಪಾಗಿ, "ಅಂದ್ರೆ... ಯಾವನೋ ಒಬ್ಬ ಹುಡುಗ ತಂದುಕೊಡ್ತಿದ್ದ. ಅವನು ಬೇರೆ," ಅಂದಳು.

ತೋಕಿಲುಪೆ ಅಳುತ್ತಲೇ ಕೇಳಿದಳು: "ಹಾಗಾದ್ರೆ ತೊಳೀಬಾರದಾ?"

"ಯೋನಿ ಒಳಗಡೆ ತನ್ನನ್ನ ತಾನೇ ಶುಚಿ ಮಾಡ್ಕೊಳ್ಳುತ್ತೆ. ಅಲ್ಲಿಗೆ ಸೋಪೂ ಬೇಡ, ಸೊಪ್ಪಿನ ಕಷಾಯಾನೂ ಬೇಡ. ಹೊರಗಡೆ ಬರೀ ನೀರು ಸಾಕು. ಸ್ವಲ್ಪ ಬಿಳಿ ಹೋಗೋದು ಎಲ್ಲ ಹೆಂಗಸರಿಗೂ ಇದ್ದದ್ದೇ. ಕೆಟ್ಟ ವಾಸನೆ ಬಂದ್ರೆ, ಮೊಸರು ಒಡೆದ ಹಾಗೆ ಹೋದ್ರೆ, ಕೆರೆತ, ಉರಿ ಇದ್ರೆ ಆಗ ತೋರಿಸಬೇಕು. ನಿನ್ನ ಕೆರೆತ ಸೋಪಿನದ್ದೋ ಬೇರೆಯದ್ದೋ ಪರೀಕ್ಷೆ ಮಾಡಿ ನೋಡ್ತೀನಿ. ಔಷಧಿ ಇದೆ, ಹೆದರಬೇಡ."

"ಸೋಪು ಹಾಕು ಅಂತ ಹೇಳಿಕೊಟ್ಟವಳು ನಾನು," ಅಂದಳು ಮಾತೆಲಿತಾ. ಈ ಸಲ ಯಾರೂ ಅಲ್ಲದವಳಂತೆ ನಟಿಸಲಿಲ್ಲ. "ನಮ್ಮಜ್ಜಿ ನನಗೆ ಹಾಗೇ ಹೇಳಿದ್ದು. ಇಷ್ಟು ಮಕ್ಕಳನ್ನ ಹೆತ್ತೆ, ಈ ಲೋಳೆ ಯಾಕೆ ಅಂತ ನನಗೂ ಗೊತ್ತಿರಲಿಲ್ಲ. ಯಾರನ್ನ ಕೇಳೋದು?"

"ಈಗ ಕೇಳಿದ್ರಲ್ಲ," ಅಂದಳು ಲೆಸಿಯೇಲಿ ಮೆಲ್ಲಗೆ. ಆಮೇಲೆ ಕೆಲೆಪಿಯ ಕಡೆ ಬೆರಳು ತೋರಿಸಿ, "ಮಗು ಖಂಡಿತ ಆಗುತ್ತೆ ಅಂತ ನಾನು ಹೇಳಲ್ಲ. ಆರು ತಿಂಗಳು ನೋಡಿ. ಆಗದಿದ್ರೆ ಇಬ್ಬರಿಗೂ ಪರೀಕ್ಷೆ ಆಗಬೇಕು, ನಿನಗೂ," ಅಂದಳು.

"ನನಗಾ? ನಮ್ಮ ವಂಶದಲ್ಲಿ..."

ಮೂಲೆಯಿಂದ ಮಾತೆಲಿತಾ ಜೋರಾಗಿ ಕೆಮ್ಮಿದಳು.

"ನನಗೆ ವಂಶ ಇಲ್ಲ," ಅಂದ ಕೆಲೆಪಿ. "ಆಗಲಿ, ಮಾಡಿಸ್ತೀನಿ."

ಸಂಜೆ ಲೆಸಿಯೇಲಿಯೊಬ್ಬಳನ್ನೇ ಹಡಗಿಗೆ ಬಿಟ್ಟುಬಂದೆ. ದಡದಲ್ಲಿ ಉಳಿದಿದ್ದ ಗಂಟನ್ನು ಕೆಲೆಪಿ ಹೊತ್ತು ಮನೆ ಕಡೆ ಹೋಗುತ್ತಿದ್ದ. ತೋಕಿಲುಪೆ ಪಕ್ಕದಲ್ಲಿ ಏನೋ ಹೇಳುತ್ತಿದ್ದಳು, ಅವನು ಕೇಳಿಸಿಕೊಳ್ಳುತ್ತಿದ್ದ. ಅವರ ಮನೆಯಲ್ಲಿ ಮಾತಾಡುವವರು ಬದಲಾದರಲ್ಲ ಎಂದು ನನಗೆ ಆಶ್ಚರ್ಯವಾಯಿತು.

ಆರು ತಿಂಗಳು ಪೂರ್ತಿ ಕಾಯಬೇಕಾಗಲಿಲ್ಲ, ಅಷ್ಟರಲ್ಲೇ ತೋಕಿಲುಪೆ ಬಸಿರಾದಳು. ಹೆಣ್ಣುಮಗು ಹುಟ್ಟಿತು. ಪೆಟ್ಟಿಗೆಯ ಚಾಪೆ ಹೊರಗೆ ಬಂತು.

ನಮ್ಮಲ್ಲಿ ಮಗುವಿನ ಮೊದಲ ಹುಟ್ಟುಹಬ್ಬ ಎಂದರೆ ಮದುವೆಗಿಂತ ದೊಡ್ಡದು. ಜೀಗುಜ್ಜೆ ಮರದ ಕೆಳಗೆ ಊರಿಗೆ ಊರೇ ಸೇರಿತ್ತು. ಪದ್ಧತಿಯಂತೆ ಎಲ್ಲರಿಗಿಂತ ಮೇಲಿನ ಚಾಪೆಯಲ್ಲಿ ಮಗುವಿನ ಸೋದರತ್ತೆ ಕೂರಬೇಕು, ಅವಳ ಊಟವಾಗದೆ ಯಾರೂ ಎಲೆ ಮುಟ್ಟುವಂತಿಲ್ಲ. ವೈಮೋವಾನಾ ಅಲ್ಲಿ ಗಂಭೀರವಾಗಿ ಕೂತಿದ್ದಳು. ಆಗ ಅವತ್ತಿನ ಹಡಗಿನಿಂದ ಇಳಿದ ಹೆಂಗಸೊಬ್ಬಳು, ಕಂಕುಳಲ್ಲಿ ಚಾಪೆಯ ಸುರುಳಿ ಇಟ್ಟುಕೊಂಡು, ಜನರನ್ನು ಸರಿಸಿಕೊಂಡು ನೇರ ಮೇಲಕ್ಕೆ ಬಂದಳು. ಕನ್ನಡಕ, ನರೆತ ಕೂದಲು. ವೈಮೋವಾನಾ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಮಾತೆಲಿತಾ ಬೀಸಣಿಗೆಯನ್ನು ಮುಖಕ್ಕೆ ಅಡ್ಡ ಹಿಡಿದು ನಗುತ್ತಿದ್ದಳು.

ಲೆಸಿಯೇಲಿ ಕೂತು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಳು.

"ಮಗುವಿನ ಸೋದರತ್ತೆ ಬಂದಿದ್ದೀನಿ. ದೋಣಿ ಕಟ್ಟಿದವರ ಹಿರೀ ಮಗಳ ಮೊಮ್ಮಗಳು ನಾನು. ನನ್ನ ಪಾಲಿನ ಹಂದಿ ಎಲ್ಲಿ?"

ಕೆಲೆಪಿಯ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು. ಅವನ ಮುಖ ಕೆಂಪಾಯಿತು, ಬಿಳಿಚಿತು, ಮತ್ತೆ ಕೆಂಪಾಯಿತು.

"ಅಕ್ಕಾ... ಹಾಗಾದ್ರೆ ಅವತ್ತೇ, ಇಗರ್ಜಿ ಕೋಣೇಲಿ, ನಿಮಗೆ ಗೊತ್ತಿತ್ತಾ?"

ಲೆಸಿಯೇಲಿ ಕನ್ನಡಕದ ಮೇಲಿಂದ ಅವನನ್ನು ನೋಡಿದಳು.

"ಯಾವತ್ತು? ನಾನು ನಿನ್ನನ್ನ ನೋಡ್ತಿರೋದೇ ಇವತ್ತು," ಅಂದಳು. "ಎಲ್ಲಿ, ಹೇಳು ನೋಡೋಣ. ಯಾರ ಮಗನಪ್ಪಾ ನೀನು?"

ನಾವೆಲ್ಲ ನಿಟ್ಟುಸಿರು ಬಿಟ್ಟು, ಹಸಿದ ಹೊಟ್ಟೆಯಲ್ಲೇ ಹಿಂದಕ್ಕೆ ಒರಗಿ ಕೂತೆವು.